ಬೇಲೂರು ರಸ್ತೆಯಲ್ಲಿ ಲೇನ್ ಅಸಿಸ್ಟ್ ಆನ್ ಇಡಬೇಕಾ, ಆಫ್ ಮಾಡಬೇಕಾ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ಕಾರು ಬಂದಿದೆ, ಅಡಾಸ್ (ಚಾಲಕನಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಮಾಡೆಲ್. ಬೆಂಗಳೂರಿಂದ ಹಾಸನಕ್ಕೆ ತರುವಾಗ, ಕಾರು ಗೆರೆ ದಾಟದಂತೆ ಸ್ಟೇರಿಂಗ್ ತಿದ್ದುವ ಲೇನ್ ಅಸಿಸ್ಟ್ ತುಂಬಾ ಹಿಡಿಸಿತು. ಕುಣಿಗಲ್ ದಾಟಿದ ಮೇಲಂತೂ ಕಾರು ತನ್ನ ಪಥ ಬಿಟ್ಟು ಆ ಕಡೆ ಈ ಕಡೆ ಅಲ್ಲಾಡಲಿಲ್ಲ.

ತೊಂದರೆ ಶುರುವಾಗಿದ್ದು ಹಾಸನ–ಬೇಲೂರು ರಸ್ತೆಯಲ್ಲಿ. ಮುಂದೆ ಎಡ ಅಂಚಿನಲ್ಲಿ ಒಬ್ಬರು ಟಿವಿಎಸ್‌ಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದರು. ಎದುರಿಂದ ಗಾಡಿ ಇರಲಿಲ್ಲ. ಅವರಿಗೆ ಜಾಗ ಬಿಡೋಣ ಅಂತ ಬಲಕ್ಕೆ ಸರಿದೆ. ನಡುಗೆರೆ ಹತ್ತಿರ ಬಂದ ತಕ್ಷಣ, ಪಕ್ಕದಲ್ಲಿ ಕೂತವರು ಕೈ ಹಾಕಿ ಎಳೆದ ಹಾಗೆ ಸ್ಟೇರಿಂಗ್ ಎಡಕ್ಕೆ ಎಳೆಯಿತು. ಅಂದರೆ ಹಾಲಿನವರ ಕಡೆಗೇ! ಗಟ್ಟಿಯಾಗಿ ಹಿಡಿದು ಬಲಕ್ಕೇ ಇಟ್ಟುಕೊಂಡು ದಾಟಿದೆ, ಏನೂ ಆಗಲಿಲ್ಲ. ಆದರೆ ನನ್ನ ಹೆಂಡತಿ ಹೆದರಿಬಿಟ್ಟಳು.

ಆಫ್ ಮಾಡಿದರೆ ಮುಂದಿನ ಸಲ ಕಾರು ಸ್ಟಾರ್ಟ್ ಮಾಡಿದಾಗ ಮತ್ತೆ ತಾನೇ ಆನ್ ಆಗಿರುತ್ತದೆ. ಶೋರೂಮಿನವರನ್ನು ಕೇಳಿದರೆ "ಅದು ಹಾಗೇ ಸರ್, ಸೇಫ್ಟಿ ಫೀಚರ್" ಅಂತಾರೆ. ಇದೇ ಕಾರನ್ನು ನಮ್ಮ ತಂದೆ ಹೊಳೆನರಸೀಪುರಕ್ಕೆ ತೆಗೆದುಕೊಂಡು ಹೋಗುತ್ತಾರೆ. ಅವರಿಗೆ ಅರವತ್ತು ದಾಟಿದೆ. ನೀವೆಲ್ಲ ಏನು ಮಾಡುತ್ತೀರಿ, ಹೇಳಿ.

ಚನ್ನರಾಯಪಟ್ಟಣ ಬೈಪಾಸ್:
ಆಫ್ ಮಾಡಿ ಓಡಿಸಿ. ನಮ್ಮ ರಸ್ತೆಗೆ ಮಾಡಿದ್ದಲ್ಲ ಅದು.

ಗಿರಿ ಚಿಕ್ಕಮಗಳೂರು:
ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಸರ್. ಇಂಡಿಕೇಟರ್ ಹಾಕಿದ್ದರೆ ಎಳೆಯುತ್ತಲೇ ಇರಲಿಲ್ಲ. ಇಂಡಿಕೇಟರ್ ಬಿದ್ದರೆ ಚಾಲಕ ಬೇಕು ಅಂತಲೇ ಪಥ ಬದಲಿಸುತ್ತಿದ್ದಾನೆ ಅಂತ ಕಾರಿಗೆ ಗೊತ್ತಾಗುತ್ತದೆ, ಆಗ ಸುಮ್ಮನಿರುತ್ತದೆ. ಹಾಕದೆ ಗೆರೆ ದಾಟಿದರೆ, ತೂಕಡಿಸಿ ಜಾರುತ್ತಿದ್ದಾನೆ ಅಂದುಕೊಳ್ಳುತ್ತದೆ. ಅದರ ಕೆಲಸವೇ ಅದು.

ಹೇಮಾವತಿ ದಂಡೆ:
ಗಿರಿ ಅವರೇ, ಒಪ್ಪುತ್ತೇನೆ. ಆದರೆ ಒಂದು ಗುಂಡಿ, ಒಂದು ಸೈಕಲ್, ಒಂದು ನಾಯಿ ತಪ್ಪಿಸುವಾಗೆಲ್ಲ ಇಂಡಿಕೇಟರ್ ಹಾಕಲು ಆಗುತ್ತದೆಯೇ?

ಲಾರಿ ಮನೆತನ:
ಇಂಡಿಕೇಟರ್ ಹಾಕಿ ಅನ್ನುವವರಿಗೆ ಒಂದು ಮಾತು. ಅಪ್ಪನ ಕಾಲದಿಂದ ನಮ್ಮದು ಲಾರಿ ಕಸುಬು. ಎರಡು ಪಥದ ರಸ್ತೆಯಲ್ಲಿ ಬಲ ಇಂಡಿಕೇಟರ್ ಹಾಕಿದರೆ ಹಿಂದಿನವನಿಗೆ "ರಸ್ತೆ ಖಾಲಿ ಇದೆ, ನೀನು ಮುಂದೆ ಹೋಗು" ಅಂತ ಅರ್ಥ. ಲಾರಿಯವರು ಇದನ್ನು ಬಹಳ ವರ್ಷದಿಂದ ಬಳಸುತ್ತಾರೆ. ಈಗ ನೀವು ಸೈಕಲ್ ತಪ್ಪಿಸಲು ಬಲ ಇಂಡಿಕೇಟರ್ ಹಾಕಿ ಬಲಕ್ಕೆ ಬಂದಿರಿ. ಹಿಂದಿನವನು ಸೈಡ್ ಕೊಟ್ಟರು ಅಂತ ನುಗ್ಗಿದ. ಆಮೇಲೆ? ಇದು ಪುಸ್ತಕದಲ್ಲಿ ಇಲ್ಲ, ರಸ್ತೆಯಲ್ಲಿ ಇದೆ.

ಗಿರಿ ಚಿಕ್ಕಮಗಳೂರು:
ಆ ಪದ್ಧತಿಯೇ ಅಪಾಯ ಅಲ್ವಾ ಅಣ್ಣ? ಬಲಕ್ಕೆ ತಿರುಗುವವನೂ ಅದೇ ಇಂಡಿಕೇಟರ್ ಹಾಕುತ್ತಾನೆ. ಎಷ್ಟು ಜನ ಆ ಗೊಂದಲದಲ್ಲೇ ಗುದ್ದಿಕೊಂಡಿದ್ದಾರೆ!

ಲಾರಿ ಮನೆತನ:
ಅಪಾಯವೇ. ಒಪ್ಪಿದೆ. ಆದರೆ ರಸ್ತೆಯಲ್ಲಿ ಇರುವುದನ್ನು ನೋಡಿಕೊಂಡೇ ಓಡಿಸಬೇಕು ಅಂತ ನನ್ನ ಮಾತು.

ಅರಸೀಕೆರೆ ಜಂಕ್ಷನ್:
ನಾನು ಕಾರಿನ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲೇ ಕೆಲಸ ಮಾಡುತ್ತೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬೇರೆ ಬೇರೆ ವಿಷಯ ಒಂದೇ ಹೆಸರಲ್ಲಿ ಸೇರಿಕೊಂಡಿವೆ.

ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿದ ಹಾಗೆ ಒಂದು ಕ್ಯಾಮೆರಾ ಇರುತ್ತದೆ. ರಸ್ತೆಯ ಬಿಳಿ, ಹಳದಿ ಗೆರೆ ನೋಡುವುದು ಅದೇ. ರಾಡಾರ್ ಇದ್ದರೆ ಅದು ಮುಂದಿನ ಗಾಡಿಯ ದೂರಕ್ಕೆ, ಗೆರೆಗಲ್ಲ. ಗೆರೆ ಹತ್ತಿರ ಬಂದಾಗ ಬರೀ ಶಬ್ದ ಮಾಡುವುದು ಅಥವಾ ಸ್ಟೇರಿಂಗ್ ನಡುಗಿಸುವುದು ವಾರ್ನಿಂಗ್. ಗೆರೆ ದಾಟುವಾಗ ಒಂದು ಕ್ಷಣ ಎಳೆದು ಒಳಗೆ ತರುವುದು ಲೇನ್ ಕೀಪ್. ಸದಾ ಎರಡು ಗೆರೆಯ ಮಧ್ಯದಲ್ಲೇ ಹಿಡಿದಿಡುವುದು ಲೇನ್ ಸೆಂಟರಿಂಗ್. ಇವುಗಳ ಬಟನ್ ಅಥವಾ ಮೆನು ಬೇರೆ ಬೇರೆ ಇರಬಹುದು. ನಿಮಗೆ ಬಂದಿದ್ದು ಎರಡನೆಯದು.

ಎಳೆಯುವ ಶಕ್ತಿ ಬರುವುದು ಪವರ್ ಸ್ಟೇರಿಂಗಿನ ಮೋಟರಿನಿಂದಲೇ. ಆ ಎಳೆತಕ್ಕೆ ಮಿತಿ ಇಟ್ಟಿರುತ್ತಾರೆ. ಕೈಯಿಂದ ಹಿಡಿದರೆ ಯಾವಾಗಲೂ ನಿಮ್ಮ ಕೈಯೇ ಗೆಲ್ಲುತ್ತದೆ. ನೀವು ಬಲಕ್ಕೆ ಹಿಡಿದಾಗ ಅದು ಬಿಟ್ಟುಕೊಟ್ಟಿತಲ್ಲ, ಹಾಗೆ. ಭಯ ಬೇಡ, ಆದರೆ ಕೈ ಬಿಡಬೇಡಿ.

ಇನ್ನೊಂದು. ಹಲವು ಕಾರುಗಳಲ್ಲಿ ಇದು ಗಂಟೆಗೆ ಸುಮಾರು 60 ಕಿ.ಮೀ. ದಾಟಿದ ಮೇಲೇ ಎಚ್ಚರವಾಗುತ್ತದೆ. ಊರೊಳಗೆ ಇದರ ಗೊಡವೆಯೇ ಇಲ್ಲ.

ಬಾಳೆಹೊನ್ನೂರು ಹೊಳೆ:
ಲೆವೆಲ್ 2 ಕಾರು ಅಂದ ಮೇಲೆ ಅರ್ಧ ತಾನೇ ಓಡಿಸಬೇಕು ತಾನೆ? ಲಕ್ಷಗಟ್ಟಲೆ ಜಾಸ್ತಿ ಕೊಟ್ಟು ಮತ್ತೆ ನಾವೇ ಕೈ ಹಿಡಿದು ಕೂರುವುದಾದರೆ ಏನು ಲಾಭ?

ಅರಸೀಕೆರೆ ಜಂಕ್ಷನ್:
ಇಲ್ಲ ಸರ್, ಈ ತಪ್ಪು ಕಲ್ಪನೆ ಮೊದಲು ಹೋಗಬೇಕು. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಅನ್ನುವುದಕ್ಕೆ ಎಸ್‌ಎಇ ಅನ್ನುವ ವಾಹನ ಎಂಜಿನಿಯರುಗಳ ಸಂಸ್ಥೆ 0ಯಿಂದ 5ರವರೆಗೆ ಲೆವೆಲ್ ಮಾಡಿದೆ. ಲೇನ್ ಸೆಂಟರಿಂಗ್ ಮತ್ತು ಮುಂದಿನ ಗಾಡಿಯ ವೇಗಕ್ಕೆ ಹೊಂದಿಕೊಳ್ಳುವ ಕ್ರೂಸ್ ಎರಡೂ ಒಟ್ಟಿಗೆ ಕೆಲಸ ಮಾಡಿದರೆ ಲೆವೆಲ್ 2. ಅಲ್ಲೂ ಓಡಿಸುತ್ತಿರುವುದು ನೀವೇ. ಕಣ್ಣು ರಸ್ತೆ ಮೇಲೆ ಇರಲೇಬೇಕು. ಬರೀ ಗೆರೆ ದಾಟುವಾಗ ಒಂದು ಕ್ಷಣ ಎಳೆಯುವ ಲೇನ್ ಕೀಪ್ ಇದೆಯಲ್ಲ, ಅದು ಲೆವೆಲ್ 0. ಜಾಹೀರಾತು ನೋಡಿ ಕಾರು ತಾನೇ ಓಡುತ್ತದೆ ಅಂದುಕೊಳ್ಳಬೇಡಿ.

ಕೆಲವರು ಸ್ಟೇರಿಂಗಿಗೆ ನೀರಿನ ಬಾಟಲಿ ಸಿಕ್ಕಿಸಿ, ಕೈ ಇದೆ ಅಂತ ಕಾರನ್ನು ನಂಬಿಸುತ್ತಾರೆ. ಕೈಯ ಸಣ್ಣ ತಿರುಗುಬಲ ನೋಡಿಯೇ ಎಷ್ಟೋ ಕಾರುಗಳು ಕೈ ಇದೆಯೋ ಇಲ್ಲವೋ ಅಂತ ಗುರುತಿಸುವುದು, ಹಾಗಾಗಿ ಬಾಟಲಿಗೆ ಮೋಸ ಹೋಗುತ್ತವೆ. ದಯವಿಟ್ಟು ಯಾರೂ ಮಾಡಬೇಡಿ. ಎದುರು ಗಾಡಿಯಲ್ಲಿ ಬರುವವರೂ ಮನುಷ್ಯರೇ.

ಏರ್‌ಪೋರ್ಟ್ ಬಾಡಿಗೆ:
ನಾನು ಚಿಕ್ಕಮಗಳೂರಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಬಾಡಿಗೆ ಹೊಡೆಯುವವನು. ಹೆಚ್ಚಿನ ಬಾಡಿಗೆ ರಾತ್ರಿಯದೇ. ಪ್ಯಾಸೆಂಜರ್ ಇಳಿಸಿ ಖಾಲಿ ಗಾಡಿ ವಾಪಸ್ ತರುವಾಗ, ಬೆಳ್ಳೂರು ಕ್ರಾಸ್ ಆದ ಮೇಲೆ, ಬೆಳಗಿನ ಜಾವ ಮೂರೂವರೆ ನಾಲ್ಕರ ಹೊತ್ತು ಬಹಳ ಕೆಟ್ಟದ್ದು. ರಸ್ತೆ ನೇರ, ಎದುರು ದೀಪ ಇಲ್ಲ, ಪಕ್ಕದಲ್ಲಿ ಮಾತಿಗೆ ಜನ ಇಲ್ಲ.

ಸ್ಟೇರಿಂಗ್ ನಡುಗಿ ನನ್ನನ್ನು ಎಬ್ಬಿಸಿದ್ದು ಉಂಟು. ಸೀಟಿನಲ್ಲಿ ನೆಟ್ಟಗೆ ಕೂತು ನೋಡಿದರೆ ಎಡ ಚಕ್ರ ಅಂಚಿನ ಗೆರೆ ಮೇಲೆ. ಮುಂದೆ ಸ್ವಲ್ಪ ದೂರದಲ್ಲಿ ಜಲ್ಲಿ ತುಂಬಿದ ಟಿಪ್ಪರ್ ನಿಂತಿತ್ತು. ಹಿಂದೆ ಒಂದು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ, ಚಕ್ರದ ಹಿಂದೆ ಎರಡು ಕಲ್ಲು ಅಷ್ಟೇ. ಆವತ್ತಿನಿಂದ ಹೆದ್ದಾರಿಯಲ್ಲಿ ನಾನು ಆಫ್ ಮಾಡುವುದಿಲ್ಲ. ಆಫ್ ಮಾಡಿ ಅನ್ನುವವರು ಒಂದು ಸಲ ನಮ್ಮ ಜೊತೆ ರಾತ್ರಿ ಬಂದು ನೋಡಿ.

ಚನ್ನರಾಯಪಟ್ಟಣ ಬೈಪಾಸ್:
ಅಣ್ಣ, ನಾನು ಅಂದಿದ್ದು ಬೇಲೂರು ರಸ್ತೆಗೆ. ನಾಲ್ಕು ಪಥದಲ್ಲಿ ಇರಲಿ, ಬೇಡ ಅನ್ನಲಿಲ್ಲ. ಆದರೆ ನಿದ್ದೆ ಬಂದರೆ ಗಾಡಿ ನಿಲ್ಲಿಸಿ. ಹಿರೀಸಾವೆ ಹತ್ತಿರ ರಾತ್ರಿ ಟೀ ಸಿಗುತ್ತದೆ.

ಏರ್‌ಪೋರ್ಟ್ ಬಾಡಿಗೆ:
ನಿಲ್ಲಿಸುತ್ತೇನೆ ಅಣ್ಣ. ಅದು ಎಬ್ಬಿಸಿದ ಮೇಲೂ ಓಡಿಸುತ್ತಲೇ ಹೋಗುವುದು ಸರಿಯಲ್ಲ. ಹೊಸ ಹುಡುಗರಿಗೆ ಇದನ್ನೇ ಹೇಳುತ್ತೇನೆ. ಮೀಟರಿನಲ್ಲಿ ಕಾಫಿ ಕಪ್ಪಿನ ಚಿತ್ರ ಬಂದರೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಸೈಡಿಗೆ ಹಾಕಿ, ಅರ್ಧ ಗಂಟೆ ಮಲಗಿ.

ಮೂಡಿಗೆರೆ ಮಳೆ:
ನಾನು ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ದಿನಾ ಓಡಾಡುವವಳು. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ ಅನಿಸುತ್ತದೆ.

ನಮ್ಮದು ಎರಡು ಪಥದ ರಸ್ತೆ, ತಿರುವು ಜಾಸ್ತಿ. ಎದುರಿಂದ ಬಸ್ಸು ಬಂದರೆ ನಾವೆಲ್ಲ ಏನು ಮಾಡುತ್ತೇವೆ? ಎಡ ಚಕ್ರವನ್ನು ಅಂಚಿನ ಗೆರೆ ಮೇಲೇ ಹತ್ತಿಸಿ ಜಾಗ ಬಿಡುತ್ತೇವೆ. ಬಸ್ಸಿನವರೂ ತಿರುವಿನಲ್ಲಿ ನಡುಗೆರೆ ದಾಟಿಯೇ ಬರುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ಆದರೆ ಲೇನ್ ಸೆಂಟರಿಂಗ್ ಎರಡು ಗೆರೆಯ ಸರಿಯಾದ ಮಧ್ಯದಲ್ಲಿ ಇರಬೇಕು ಅನ್ನುತ್ತದೆ. ನಾನು ಎಡಕ್ಕೆ ಸರಿದರೆ ಅದು ಬಲಕ್ಕೆ, ಅಂದರೆ ಬಸ್ಸಿನ ಕಡೆಗೆ ಒತ್ತುತ್ತದೆ. ಜೋರಾಗೇನಲ್ಲ. ಆದರೆ ಆ ಹೊತ್ತಿನಲ್ಲಿ ಸ್ಟೇರಿಂಗ್ ಗಟ್ಟಿ ಆದ ಹಾಗೆ ಅನಿಸುವುದೇ ಸಾಕು, ಎದೆ ಧಸಕ್ಕನ್ನುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಖಚಿತ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಎಲ್ಲ ಆನ್. ಡಿವೈಡರ್ ಇಲ್ಲದ ರಸ್ತೆಯಲ್ಲಿ ಸ್ಟೇರಿಂಗ್ ಎಳೆಯುವುದೆಲ್ಲ ಆಫ್, ವಾರ್ನಿಂಗ್ ಮಾತ್ರ ಇರಲಿ.

ಗಿರಿ ಚಿಕ್ಕಮಗಳೂರು:
ಅಕ್ಕ, ಇದು ಸರಿಯಾದ ಮಾತು. ನಾನು ಹೆಚ್ಚಾಗಿ ಬೆಂಗಳೂರಿಗೆ ಹೋಗುವವನು, ಆಲ್ದೂರು, ಮೂಡಿಗೆರೆ ಕಡೆ ಬಸ್ಸಿನ ಎದುರು ಹೀಗಾಗುತ್ತದೆ ಅಂತ ಯೋಚಿಸಿರಲಿಲ್ಲ.

ಕೊಟ್ಟಿಗೆಹಾರ ಮಂಜು:
ಚಾರ್ಮಾಡಿಯಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ ಮಾರಾಯ್ರೆ. ವೇಗವೂ ಇಲ್ಲ, ಗೆರೆಯೂ ಕಾಣುವುದಿಲ್ಲ. ಜುಲೈನಲ್ಲಿ ಬಾನೆಟ್ ಕಂಡರೇ ಪುಣ್ಯ. ಕ್ಯಾಮೆರಾಗೂ ನಮ್ಮಷ್ಟೇ ಕಾಣುವುದು. "ಕ್ಯಾಮೆರಾ ಮುಚ್ಚಿದೆ, ಒರೆಸಿ" ಅಂತ ಮೆಸೇಜ್ ಬರುತ್ತದೆ, ಇಳಿದು ನೋಡಿದರೆ ಗಾಜು ಚೊಕ್ಕಟ. ಮಂಜು ಅಷ್ಟೇ.

ಬಾಳುಪೇಟೆ ತೋಟ:
ಹಾಸನದಿಂದ ಸಕಲೇಶಪುರದ ಕಡೆ ಸಂಜೆ ಹೊತ್ತು ಬರುವವರು ಇದನ್ನು ಗಮನಿಸಿದ್ದೀರಾ? ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ. ಮೀಟರಿನಲ್ಲಿ ಹಸಿರು ಗೆರೆ ಇದ್ದದ್ದು ಬೂದಿ ಬಣ್ಣ ಆಗಿ, ಮತ್ತೆ ಹಸಿರಾಗಿ, ಮತ್ತೆ ಬೂದಿ. ಶಬ್ದ ಏನೂ ಇಲ್ಲ. ಲೇನ್ ಅಸಿಸ್ಟ್ ಹಿಡಿದಿದೆ ಅಂತ ನಾವು ನಂಬಿಕೊಂಡಿರುತ್ತೇವೆ, ಅದು ಆಗಲೇ ಬಿಟ್ಟಿರುತ್ತದೆ. ಬಿಡುವುದಾದರೆ ಜೋರಾಗಿ ಹೇಳಿ ಬಿಡಲಿ. ಎಲ್ಲ ಕಂಪನಿಯವರೂ ಇದನ್ನು ಸರಿ ಮಾಡಬೇಕು.

ಕಾಮಗಾರಿ ನಡೆದ ಕಡೆ ಇನ್ನೊಂದು ಕಾಟ. ಹಳೇ ಗೆರೆ ಅಳಿಸದೆ ಪಕ್ಕದಲ್ಲೇ ಹೊಸ ಗೆರೆ ಬಳಿದಿರುತ್ತಾರೆ. ಬಿರುಕಿಗೆ ಸುರಿದ ಟಾರು ಮಳೆಯಲ್ಲಿ ಮಿರಿ ಮಿರಿ ಮಿಂಚುತ್ತದೆ, ಅದನ್ನೂ ಗೆರೆ ಅಂದುಕೊಳ್ಳುತ್ತದೆ.

ಹಳೇಬೀಡು ರಾಗಿ:
ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡೆ ಬನ್ನಿ. ರಸ್ತೆ ತುಂಬಾ ರಾಗಿ ತೆನೆ, ಹುರುಳಿ ಗಿಡ. ಗೆರೆ ಎಲ್ಲಿ ಕಾಣಬೇಕು?

ಚನ್ನರಾಯಪಟ್ಟಣ ಬೈಪಾಸ್:
ರಸ್ತೆಯಲ್ಲಿ ಒಕ್ಕಣೆ ಮಾಡುವುದನ್ನು ಮೊದಲು ನಿಲ್ಲಿಸಬೇಕು. ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿಕೊಂಡಿದ್ದೂ ಇದೆ. ಬೈಕಿನವರು ಜಾರಿ ಬೀಳುತ್ತಾರೆ.

ಹಳೇಬೀಡು ರಾಗಿ:
ಕಣ ಮಾಡಲು ಜಾಗ ಎಲ್ಲಿದೆ ಸ್ವಾಮಿ? ಒಕ್ಕಣೆ ಯಂತ್ರದ ಬಾಡಿಗೆ ಕೇಳಿದ್ದೀರಾ? ತಪ್ಪು ಅಂತ ನಮಗೂ ಗೊತ್ತು. ಪಂಚಾಯಿತಿಗೊಂದು ಸಿಮೆಂಟು ಕಣ ಮಾಡಿಕೊಡಲಿ, ರಸ್ತೆಗೆ ಯಾರು ಬರುತ್ತಾರೆ?

ಲಾರಿ ಮನೆತನ:
ಇಬ್ಬರ ಮಾತಲ್ಲೂ ನ್ಯಾಯ ಇದೆ. ಜಗಳ ಬೇಡ. ಆದರೆ ಸೊಪ್ಪಿನ ಮೇಲೆ ಹತ್ತಿಸುವ ಮೊದಲು ನಿಧಾನ ಮಾಡಿ, ದಾಟಿದ ಮೇಲೆ ನಿಲ್ಲಿಸಿ ಅಡಿಯಲ್ಲಿ ಒಮ್ಮೆ ಬಗ್ಗಿ ನೋಡಿ.

ಬಾಳೆಹೊನ್ನೂರು ಹೊಳೆ:
ಲೇನ್ ಬಿಡಿ, ಈ ಹೈ ಬೀಮ್ ವಿಷಯ ಯಾರಾದರೂ ಮಾತಾಡಿ. ಎದುರಿನವರ ಎಲ್‌ಇಡಿ ಕಣ್ಣಿಗೆ ಹೊಡೆದರೆ ಯಾವ ಅಸಿಸ್ಟ್ ಇದ್ದರೂ ಅಷ್ಟೇ.

ಆಲೂರು ಅಂಚು:
ಆನೆ ವಿಷಯವನ್ನೂ ಸೇರಿಸಿ! ರಾತ್ರಿ ಆಲೂರು, ಸಕಲೇಶಪುರದ ಒಳ ರಸ್ತೆಯಲ್ಲಿ ಆನೆ ನಿಂತರೆ ಕತ್ತಲಲ್ಲಿ ಕತ್ತಲೇ. ಆನೆ ಇದೆ ಅಂತ ಮಿನುಗುವ ಎಲ್‌ಇಡಿ ಬೋರ್ಡು ಕಂಡರೆ ನಿಧಾನ ಮಾಡಿ. ಕಾರು ನೋಡಿಕೊಳ್ಳುತ್ತದೆ ಅಂತ ನಂಬಬೇಡಿ.

ಗಿರಿ ಚಿಕ್ಕಮಗಳೂರು:
ಹೈ ಬೀಮ್‌ಗೆ, ಆನೆಗೆ ಬೇರೆ ಚರ್ಚೆ ತೆಗೆಯೋಣ. ಇಲ್ಲಿ ಅವರ ತಂದೆಯ ವಿಷಯ ಇನ್ನೂ ಬಾಕಿ ಇದೆ.

ಬೇಲೂರು ಚೌಕ:
ಗಾಜು ಬದಲಾಯಿಸಿದವರು ಇದ್ದೀರಾ? ಲಾರಿಯಿಂದ ಹಾರಿದ ಕಲ್ಲಿಗೆ ನನ್ನ ಮುಂದಿನ ಗಾಜು ಒಡೆಯಿತು. ಹೊರಗಿನ ಒಂದು ಗ್ಯಾರೇಜಿನಲ್ಲಿ ಹೊಸ ಗಾಜು ಹಾಕಿಸಿದೆ. ಆಮೇಲಿಂದ ಕಾರು ಪಥದ ಎಡ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಅದೇ ಕಥೆ.

ಅರಸೀಕೆರೆ ಜಂಕ್ಷನ್:
ಕ್ಯಾಮೆರಾ ಕ್ಯಾಲಿಬ್ರೇಷನ್, ಅಂದರೆ ಅದು ನೋಡುವ ಕೋನವನ್ನು ಸರಿಯಾಗಿ ಹೊಂದಿಸುವುದು, ಮಾಡಿಲ್ಲ ಅನಿಸುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟು ವಾಲಿದರೂ ದೂರದ ಗೆರೆ ಲೆಕ್ಕ ತಪ್ಪುತ್ತದೆ. ಗಾಜು ಬದಲಾಯಿಸಿದರೆ ಕ್ಯಾಲಿಬ್ರೇಷನ್ ಆಗಲೇಬೇಕು. ಕೆಲವು ಕಾರಿಗೆ ಮುಂದೆ ಗುರುತಿನ ಬೋರ್ಡು ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಯಂತ್ರ ಜೋಡಿಸಿ ರಸ್ತೆಯಲ್ಲಿ ಓಡಿಸಿ ಮಾಡುತ್ತಾರೆ. ಸರ್ವಿಸ್ ಸೆಂಟರಿನಲ್ಲಿ ಕೇಳಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಅಲ್ಲಿಯವರೆಗೆ ಪೂರ್ತಿ ಆಫ್ ಇಡಿ.

ಫಾಸ್ಟ್ಯಾಗ್ ಕೂಡ ಕ್ಯಾಮೆರಾದ ಮುಂದೆ ಅಂಟಿಸಬೇಡಿ. ಟೋಲಿನಲ್ಲಿ ಆತುರದಲ್ಲಿ ಅಂಟಿಸುವಾಗ ಅಲ್ಲೇ ಅಂಟಿಸಿಬಿಡುತ್ತಾರೆ. ಡ್ಯಾಶ್ ಕ್ಯಾಮ್ ಹಾಕುವಾಗಲೂ ಅಷ್ಟೇ.

ಬೇಲೂರು ಚೌಕ:
ಧನ್ಯವಾದ ಸರ್. ಗ್ಯಾರೇಜಿನವರು ಕ್ಯಾಲಿಬ್ರೇಷನ್ ಅನ್ನುವ ಮಾತನ್ನೇ ಎತ್ತಲಿಲ್ಲ.

ಬಾಳುಪೇಟೆ ತೋಟ:
ಇಷ್ಟೆಲ್ಲ ತೊಂದರೆ ಇರುವುದನ್ನು ಇಲ್ಲಿ ಮಾರುವುದೇಕೆ ಅಂತ ನನ್ನ ಪ್ರಶ್ನೆ.

ಅರಸೀಕೆರೆ ಜಂಕ್ಷನ್:
ಇದು ಹೊಸದೇನಲ್ಲ ಸರ್. ಜಪಾನಿನಲ್ಲಿ ನಿಸ್ಸಾನ್ ಸಿಮಾ ಕಾರಿಗೆ 2001ರಲ್ಲೇ ಲೇನ್ ಕೀಪಿಂಗ್ ಬಂದಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರಿಗೂ ತುರ್ತು ಲೇನ್ ಕೀಪಿಂಗ್ ಕಡ್ಡಾಯ. ನಮ್ಮಲ್ಲಿ 2020ರಲ್ಲಿ ಎಂಜಿ ಗ್ಲೋಸ್ಟರ್ ಅಡಾಸ್ ತಂದಿತು, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದ ಮೇಲೆ ಮಧ್ಯಮ ವರ್ಗದ ಕೈಗೂ ಸಿಕ್ಕಿತು. ಒಂಟಿ ಕಾರು ನಿದ್ದೆಗಣ್ಣಿನಲ್ಲಿ ರಸ್ತೆ ಬಿಟ್ಟು ಹೋಗುವ ಅಪಘಾತಕ್ಕೆ ಇದು ನಿಜವಾಗಿ ಸಹಾಯ. ನಮ್ಮ ಏರ್‌ಪೋರ್ಟ್ ಅಣ್ಣ ಹೇಳಿದ್ದು ಅದನ್ನೇ. ಆದರೆ ಇದಕ್ಕೆ ಮೊದಲು ಬೇಕಾದದ್ದು ನೆಟ್ಟಗಿರುವ ಗೆರೆ.

ಗಿರಿ ಚಿಕ್ಕಮಗಳೂರು:
ಹಾಗಾದರೆ ಗೆರೆಗೇ ಒತ್ತಾಯ ಮಾಡೋಣ. ಬಿಸಿ ಮಾಡಿ ಬಳಿಯುವ ಥರ್ಮೋಪ್ಲಾಸ್ಟಿಕ್ ಬಣ್ಣಕ್ಕೆ ಸಣ್ಣ ಗಾಜಿನ ಮಣಿ ಸೇರಿಸಿರುತ್ತಾರೆ, ರಾತ್ರಿ ಬೆಳಕಿಗೆ ಹೊಳೆಯುವುದು ಅದರಿಂದಲೇ. ಅದು ಸವೆದರೆ ಕಾರಿಗಿಂತ ಮೊದಲು ಮನುಷ್ಯರಿಗೇ ಕಷ್ಟ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗೆರೆ ಮಾಸಿದ್ದರೆ, ದೀಪವಿಲ್ಲದ ಲಾರಿ ನಿಂತಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಟೋಲ್ ಕಟ್ಟುತ್ತೇವೆ, ಕೇಳುವ ಹಕ್ಕಿದೆ.

ಮೂಡಿಗೆರೆ ಮಳೆ:
ತಂದೆಯವರ ವಿಷಯಕ್ಕೆ ನನ್ನ ಸಲಹೆ. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಬೆಳಿಗ್ಗೆ ಬೇಗ, ಗಾಡಿ ಕಡಿಮೆ ಇರುವಾಗ, ಶಾಂತಿಗ್ರಾಮ ಟೋಲ್ ದಾಟಿ ಬೆಂಗಳೂರು ಕಡೆ ಅವರನ್ನೇ ಓಡಿಸಲು ಬಿಡಿ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿ, ಇಂಡಿಕೇಟರ್ ಹಾಕದೆ ನಿಧಾನವಾಗಿ ಗೆರೆ ಮುಟ್ಟಿಸಲಿ. ಎಳೆತ ಹೇಗಿರುತ್ತದೆ, ಕೈಯಿಂದ ಎಷ್ಟು ಸಲೀಸಾಗಿ ಮೀರಬಹುದು ಅಂತ ಅವರ ಕೈಗೇ ಗೊತ್ತಾಗಲಿ. ಮೊದಲ ಎಳೆತ ಸೈಕಲ್ ಪಕ್ಕದಲ್ಲಿ ಬರಬಾರದು, ಅಷ್ಟೇ. ಹೊಳೆನರಸೀಪುರದ ದಾರಿಗೆ ವಾರ್ನಿಂಗ್ ಮಾತ್ರ ಇಟ್ಟುಕೊಡಿ.

ಲಾರಿ ಮನೆತನ:
ಹೌದು. ಹಿರಿಯರಿಗೆ ಕೈಯಲ್ಲಿ ಕಲಿತದ್ದೇ ಕಡೆಯವರೆಗೆ. ಸ್ಟೇರಿಂಗ್ ತಾನೇ ಅಲ್ಲಾಡಿದರೆ ಗಾಡಿ ಕೆಟ್ಟಿದೆ ಅಂದುಕೊಂಡು ಬ್ರೇಕ್ ಒತ್ತಿಬಿಡುತ್ತಾರೆ. ಹಿಂದಿನವನು ಬಂದು ಗುದ್ದುತ್ತಾನೆ.

ಹೇಮಾವತಿ ದಂಡೆ:
ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ, ಅಕ್ಕ ಹೇಳಿದ ಹಾಗೇ ಮಾಡಿದೆವು. ಮೊದಲ ಎಳೆತಕ್ಕೆ ಅಪ್ಪ "ಯಾಕೋ ಎಳೀತದಲ್ಲೋ" ಅಂದರು. ಆಮೇಲೆ ತಾವೇ ಬೇಕೆಂದು ಗೆರೆ ಮುಟ್ಟಿಸಿ ನೋಡಿದರು. ಚನ್ನರಾಯಪಟ್ಟಣದಲ್ಲಿ ಕಾಫಿ ಕುಡಿದು ವಾಪಸ್ ಬರುವಾಗ ಕೈ ಸಡಿಲವಾಗಿತ್ತು, ಭಯ ಹೋಗಿತ್ತು.

ಸೆಟ್ಟಿಂಗ್ಸಿನಲ್ಲಿ ಹುಡುಕಿದೆ. ವಾರ್ನಿಂಗ್ ಮಾತ್ರ ಅಂತ ಆಯ್ಕೆ ಮಾಡಿದರೆ ನಮ್ಮ ಕಾರಿನಲ್ಲಿ ಅದು ಉಳಿಯುತ್ತದೆ. ಪೂರ್ತಿ ಆಫ್ ಮಾಡಿದಾಗ ಮಾತ್ರ ಮತ್ತೆ ಆನ್ ಆಗುತ್ತಿತ್ತು. ಶೋರೂಮಿನವರು ಇಷ್ಟು ಹೇಳಿದ್ದರೆ ಸಾಕಿತ್ತು. ಈಗ ಬೇಲೂರು, ಹೊಳೆನರಸೀಪುರ ರಸ್ತೆಗೆ ಸ್ಟೇರಿಂಗ್ ನಡುಗುವುದು ಮಾತ್ರ. ಬೆಂಗಳೂರಿಗೆ ಹೊರಟರೆ ಎಲ್ಲ ಆನ್.

ಒಂದು ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಕ್ಯಾಮೆರಾಗೆ ನಾವು ಏನಾದರೂ ಮಾಡಬೇಕಾ?

ಕೊಟ್ಟಿಗೆಹಾರ ಮಂಜು:
ವೈಪರ್ ರಬ್ಬರ್ ಮೇ ತಿಂಗಳಲ್ಲೇ ಬದಲಾಯಿಸಿ. ಕ್ಯಾಮೆರಾದ ಮುಂದಿನ ಗಾಜಿನ ಭಾಗವನ್ನೂ ವೈಪರ್ ಒರೆಸುತ್ತದೆ, ರಬ್ಬರ್ ಸವೆದರೆ ಅಲ್ಲೇ ನೀರಿನ ಗೆರೆ ನಿಲ್ಲುತ್ತದೆ. ಒಳಗಡೆ ಆವಿ ಕಟ್ಟಿದರೆ ಬಟ್ಟೆಯಲ್ಲಿ ಒರೆಸಬೇಡಿ, ಮುಂದಿನ ಗಾಜಿನ ಡಿಫಾಗರ್ ಹಾಕಿ, ಎಸಿ ಜೊತೆಗೆ. ಕ್ಯಾಮೆರಾದ ಕವರ್ ಬಿಚ್ಚಲು ಮಾತ್ರ ಹೋಗಬೇಡಿ.

ಏರ್‌ಪೋರ್ಟ್ ಬಾಡಿಗೆ:
ವಾಷರ್ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕುವವರಿದ್ದಾರೆ. ಅದೂ ಬೇಡ, ಗಾಜಿನ ಮೇಲೆ ಪೊರೆ ಕಟ್ಟುತ್ತದೆ, ರಾತ್ರಿ ಎದುರಿನ ದೀಪ ಒಡೆದು ಕಾಣುತ್ತದೆ.